ಅಡುಗೆಮನೆಯಲ್ಲಿ ಆಡಿದ ಮಾತು

ಮಕ್ಕಳ ಶಾಲೆಯ ವಿಚಾರವಾಗಿ ನಾಲ್ಕು ಜನ ಸೇರಿ ಮಾತಿಗೆ ಕುಳಿತರೆ ಅಲ್ಲಿ ‘ತೊತ್ತೋಚಾನ್’ ಪುಸ್ತಕದ ಹೆಸರು ಬಾರದಿರುವುದು ಅಪರೂಪ. ಜಪಾನಿನ ನಟಿ ತೆತ್ಸುಕೊ ಕುರೊಯಾನಗಿ ತಾವು ಕಲಿತ ಶಾಲೆಯನ್ನು ನೆನೆದು ಬರೆದ ಈ ಕೃತಿ 1981ರಲ್ಲಿ ಪುಸ್ತಕವಾಗಿ ಹೊರಬಂದಿತು. ಕನ್ನಡಕ್ಕೂ ಬಂದು ನಮ್ಮ ಉಪಾಧ್ಯಾಯರ, ತಾಯ್ತಂದೆಗಳ ಕೈಯಲ್ಲಿ ಓಡಾಡಿದೆ. ಓದಿದವರನ್ನು ಏನು ನೆನಪಿದೆಯೆಂದು ಕೇಳಿ ನೋಡಿ, ‘ರೈಲುಬೋಗಿಯ ಶಾಲೆ’ ಎನ್ನುತ್ತಾರೆ. ನಮ್ಮ ಕಡೆಯೂ ಕೆಲವು ಶಾಲೆಗಳ ಗೋಡೆಗೆ ರೈಲಿನ ಚಿತ್ರ ಬರೆಯಿಸಿರುವುದನ್ನು ವಾಚಕರು ಕಂಡಿರಬಹುದು. ನೋಡುವುದಕ್ಕೆ ಚೆನ್ನಾಗಿಯೇ ಇದೆ, ಮಕ್ಕಳಿಗೂ ಸಂತೋಷ. ಆದರೆ ಈ ಪುಸ್ತಕದ ಜೀವ ಬೋಗಿಯಲ್ಲಿಲ್ಲ.

ಒಂದನೆಯ ತರಗತಿಯ ಪುಟ್ಟ ಹುಡುಗಿಯೊಬ್ಬಳನ್ನು ಶಾಲೆಯಿಂದ ಹೊರಗೆ ಹಾಕುತ್ತಾರೆ. ಮೇಜಿನ ಮುಚ್ಚಳವನ್ನು ನೂರು ಸಲ ತೆರೆದು ಮುಚ್ಚುತ್ತಾಳೆ, ಕಿಟಕಿಯಲ್ಲಿ ನಿಂತು ಬೀದಿಯ ವಾದ್ಯಗಾರರನ್ನು ಕೂಗಿ ಕರೆಯುತ್ತಾಳೆ ಎಂಬುದು ಅವಳ ಮೇಲಿನ ದೂರು. ಕಿಟಕಿಯ ಪಕ್ಕ ಎಂಬ ಮಾತಿಗೆ ಅಂದಿನ ಜಪಾನೀ ಭಾಷೆಯಲ್ಲಿ ಮತ್ತೊಂದು ಅರ್ಥವಿತ್ತು. ಕಚೇರಿಯಲ್ಲಿ ಕೆಲಸವಿಲ್ಲದೆ ಮೂಲೆಗೆ ಸರಿಸಲ್ಪಟ್ಟವರನ್ನು ಹಾಗೆ ಹೇಳುತ್ತಿದ್ದರು. ಮೂಲದ ಹೆಸರಿನಲ್ಲಿರುವ ಈ ಕಹಿ ಅನುವಾದಗಳಲ್ಲಿ ಉಳಿಯುವುದು ಕಷ್ಟ. ತನ್ನನ್ನು ಹೊರಗೆ ಹಾಕಿದರೆಂಬುದು ಹುಡುಗಿಗೆ ತಿಳಿಯುವುದೇ ಇಲ್ಲ. ತಾಯಿ ಅದನ್ನು ಮುಚ್ಚಿಟ್ಟು, ಹೊಸ ಶಾಲೆಗೆ ಹೋಗೋಣ ಬಾ ಎಂದಷ್ಟೇ ಹೇಳುತ್ತಾಳೆ. ಮಗಳು ಇಪ್ಪತ್ತರ ವಯಸ್ಸಿಗೆ ಬಂದ ಮೇಲೆಯೇ ನಿಜ ಹೊರಬೀಳುತ್ತದೆ. ತಾಯಿಯ ಈ ಮೌನವನ್ನು ನೆನಪಿನಲ್ಲಿಡಿ. ಪುಸ್ತಕದ ಉತ್ತಮ ಘಳಿಗೆಗಳೆಲ್ಲ ದೊಡ್ಡವರು ಬಾಯಿ ಬಿಗಿಹಿಡಿದ ಘಳಿಗೆಗಳು.

ಹೊಸ ಶಾಲೆಯ ಹೆಸರು ತೊಮೊಯೆ. 1937ರಲ್ಲಿ ಟೋಕಿಯೋದಲ್ಲಿ ಇದನ್ನು ಆರಂಭಿಸಿದ ಸೊಸಾಕು ಕೊಬಾಯಾಶಿ ಎಂಬ ಮುಖ್ಯೋಪಾಧ್ಯಾಯರು ಯೂರೋಪಿಗೆ ಹೋಗಿ, ಸಂಗೀತದ ಲಯವನ್ನು ಮೈಯ ಚಲನೆಯಿಂದ ಕಲಿಸುವ ಡಾಲ್‌ಕ್ರೋಜ್ ಪದ್ಧತಿಯನ್ನು ಅಭ್ಯಾಸ ಮಾಡಿ ಬಂದವರು. ಮೊದಲ ದಿನ ಅವರು ತಾಯಿಯನ್ನು ಮನೆಗೆ ಕಳುಹಿಸಿ, ಏನು ಬೇಕಾದರೂ ಹೇಳು ಎಂದು ಹುಡುಗಿಯ ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತುಬಿಡುತ್ತಾರೆ. ನಾಲ್ಕು ಗಂಟೆಗಳ ಕಾಲ ಅವಳು ಮಾತನಾಡುತ್ತಾಳೆ. ಅವರು ಒಮ್ಮೆಯೂ ಆಕಳಿಸುವುದಿಲ್ಲ. ಇನ್ನೊಂದು ದಿನ ಅವಳ ಕೈಚೀಲ ಪಾಯಿಖಾನೆಯ ಗುಂಡಿಗೆ ಬೀಳುತ್ತದೆ. ಅವಳು ಉದ್ದ ಹಿಡಿಯ ಸೌಟು ತಂದು ಗುಂಡಿಯದನ್ನೆಲ್ಲ ಮೊಗೆದು ಮೇಲೆ ರಾಶಿ ಹಾಕುತ್ತಾಳೆ. ಆ ದಾರಿಯಲ್ಲಿ ಬಂದ ಕೊಬಾಯಾಶಿ ಬೈಯುವುದೂ ಇಲ್ಲ, ಸಹಾಯಕ್ಕೆ ಬಾಗುವುದೂ ಇಲ್ಲ. ಕೆಲಸವಾದ ಮೇಲೆ ಎಲ್ಲವನ್ನೂ ಮತ್ತೆ ಒಳಗೆ ಹಾಕುವೆಯಷ್ಟೆ ಎಂದು ಕೇಳಿ ಹೊರಟುಹೋಗುತ್ತಾರೆ. ಇದನ್ನು ಮಕ್ಕಳಿಗೆ ಕೊಟ್ಟ ಸ್ವಾತಂತ್ರ್ಯವೆಂದು ಕೊಂಡಾಡುವವರು ಬಹಳ. ನನಗೆ ಇಲ್ಲಿ ಕಾಣುವುದು ಹಿರಿಯನೊಬ್ಬನ ಸಂಯಮ. ಗದರುವುದಕ್ಕೆ ಎಲ್ಲ ಅಧಿಕಾರವಿದ್ದವನು ಗದರಲಿಲ್ಲ, ಅಷ್ಟೆ. ಮಗು ನಿರ್ಭಯವಾಗಿರಲು ಅಷ್ಟು ಸಾಕಾಯಿತು.

ಗುಣ ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಇದು ಪ್ರೀತಿಯನ್ನು ಉಂಡು ಬೆಳೆದ ಮಗುವಿನ ನೆನಪು; ಅಪ್ರಿಯವಾದದ್ದು ಅದರಲ್ಲಿ ನಿಲ್ಲುವುದಿಲ್ಲ. ಇಡೀ ಶಾಲೆಯಲ್ಲಿ ಇದ್ದದ್ದು ಸುಮಾರು ಐವತ್ತು ಮಕ್ಕಳು. ನಮ್ಮಲ್ಲಿ ಒಂದೊಂದು ಕೊಠಡಿಯಲ್ಲೇ ಅಷ್ಟು ಮಕ್ಕಳು ಕುಳಿತಿರುವುದುಂಟು. ಹಣದ ಚಿಂತೆ, ಬೇಸತ್ತ ಉಪಾಧ್ಯಾಯರು, ಸೋತ ಪಾಠ, ಇವೊಂದೂ ಪುಟಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಗುಜರಾತಿನ ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ವನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ವ್ಯತ್ಯಾಸ ತಿಳಿಯುತ್ತದೆ. 1930ರ ದಶಕದ ಆ ಕೃತಿ ಉಪಾಧ್ಯಾಯನ ಬಾಯಿಂದ ಬಂದದ್ದು. ಹೊಸ ರೀತಿಯಲ್ಲಿ ಕಲಿಸುವೆನೆಂದು ಹೊರಟವನ ಮೊದಲ ದಿನವೇ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಓದುವ ಮೇಷ್ಟರಿಗೆ ಅದರಿಂದ ಎಷ್ಟು ಸಮಾಧಾನ! ಕೊಬಾಯಾಶಿಯವರು ಮಾತ್ರ ಎಡವುವುದೇ ಇಲ್ಲ.

ಆದರೆ ಆ ಶಾಲೆ ಒಮ್ಮೆ ಎಡವುತ್ತದೆ. ಎಲ್ಲರೂ ಹೊಗಳುವ ಪ್ರಸಂಗಗಳಿಗಿಂತ ಅದೊಂದು ಪುಟ್ಟ ಅಧ್ಯಾಯವೇ ನನಗೆ ದೊಡ್ಡದು.

ತಕಾಹಾಶಿ ಎಂಬ ಹುಡುಗನಿದ್ದಾನೆ. ಕೈಕಾಲು ಗಿಡ್ಡ, ಮುಂದೆ ಬೆಳೆಯುವ ದೇಹವಲ್ಲ. ಅವನಂಥವನೇ ಗೆಲ್ಲುವಂತೆ ಕೊಬಾಯಾಶಿ ಆಟದ ದಿನದ ಪಂದ್ಯಗಳನ್ನು ರೂಪಿಸಿರುತ್ತಾರೆ. ಗೆದ್ದವರಿಗೆ ಬಹುಮಾನ ತರಕಾರಿ. ಹೀಗಿರುವಾಗ ಒಂದು ದಿನ ತರಗತಿಯ ಉಪಾಧ್ಯಾಯಿನಿ, ಬಹಳ ಹಿಂದೆ ಮನುಷ್ಯನಿಗೂ ಬಾಲವಿತ್ತೆಂಬ ಪಾಠ ಹೇಳುತ್ತ, ನಿನಗೇನೂ ಬಾಲವಿಲ್ಲವಷ್ಟೆ ಎಂದು ತಕಾಹಾಶಿಯನ್ನು ತಮಾಷೆಗೆ ಕೇಳಿಬಿಡುತ್ತಾಳೆ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಸಂಜೆ ತೊತ್ತೋಚಾನ್‌ಗೆ ಅಡುಗೆಮನೆಯಿಂದ ಮುಖ್ಯೋಪಾಧ್ಯಾಯರ ದನಿ ಕೇಳಿಸುತ್ತದೆ. ಅಂಥ ಸಿಟ್ಟನ್ನು ಅವಳು ಹಿಂದೆಂದೂ ಕೇಳಿದವಳಲ್ಲ. ಆ ಮಾತು ಹುಡುಗನಿಗೆ ಏನಾಗಿ ಕೇಳಿಸಿರಬಹುದೆಂದು ಯೋಚಿಸಿದಿರಾ ಎಂದು ಅವರು ಕೇಳುತ್ತಿದ್ದಾರೆ, ಉಪಾಧ್ಯಾಯಿನಿ ಅಳುತ್ತಿದ್ದಾಳೆ. ಬೇರೆ ಉಪಾಧ್ಯಾಯರು ಕುಳಿತಿರುವ ಕೊಠಡಿಗೆ ಕರೆಯದೆ ಅಡುಗೆಮನೆಗೆ ಕರೆದು ಹೇಳಿದರಲ್ಲ ಎಂಬುದನ್ನು ಆ ಮಗು ಕೂಡ ಗಮನಿಸುತ್ತದೆ. ಹುಡುಗನ ಮಾನವನ್ನು ಕಾಯಲು ಹೊರಟವರು ಉಪಾಧ್ಯಾಯಿನಿಯ ಮಾನವನ್ನೂ ಕಾಯ್ದರು. ಮಗಳಿಂದ ನಿಜವನ್ನು ಮುಚ್ಚಿಟ್ಟ ತಾಯಿಯ ಜಾಣ್ಮೆಯೂ ಇದೇ ಜಾತಿಯದು.

ಈ ಅಧ್ಯಾಯವನ್ನು ನಾನು ವಿಮರ್ಶಕನ ನೆಮ್ಮದಿಯಿಂದ ಓದಲಾರೆ. ನಾನು ಅಧ್ಯಾಪಕನಾದ ಹೊಸತರಲ್ಲಿ ಹಳ್ಳಿಯಿಂದ ಬಂದ ವಿದ್ಯಾರ್ಥಿಯೊಬ್ಬ ಪಾಠವನ್ನು ಗಟ್ಟಿಯಾಗಿ ಓದುತ್ತ ‘ಹಾಲು ಕುಡಿದನು’ ಎಂಬಲ್ಲಿ ‘ಆಲು ಕುಡಿದನು’ ಎಂದ. ಅವನ ಊರಿನವರೆಲ್ಲ ಆಡುವ ಕನ್ನಡ ಅದು. ‘ಏನಯ್ಯಾ, ಆಲದ ಮರವನ್ನೇ ಕುಡಿದುಬಿಟ್ಟನೆ?’ ಎಂದೆ. ಅರುವತ್ತು ಜನ ನಕ್ಕರು, ಅವನೂ ನಕ್ಕ. ಪಾಠ ಕಳೆಗಟ್ಟಿತೆಂದು ನಾನು ಹಿಗ್ಗಿದೆ. ಆ ಮೇಲೆ ಎರಡು ವರ್ಷ ಅವನು ಕೊನೆಯ ಬೆಂಚಿನಲ್ಲಿ ಕುಳಿತ. ನನ್ನ ತರಗತಿಯಲ್ಲಿ ಅವನು ಗಟ್ಟಿಯಾಗಿ ಏನನ್ನೂ ಓದಲಿಲ್ಲ. ಓದೆಂದು ಹೇಳುವ ಧೈರ್ಯ ನನಗೂ ಆಗಲಿಲ್ಲ. ಕನ್ನಡ ಕಲಿಸುವವನೇ ಒಬ್ಬನ ಬಾಯಿಂದ ಕನ್ನಡವನ್ನು ಕಸಿದುಕೊಂಡಂತಾಯಿತು. ನನ್ನನ್ನು ಅಡುಗೆಮನೆಗೆ ಕರೆದು ಕೇಳುವವರು ಯಾರೂ ಇರಲಿಲ್ಲ.

2009ರ ಶಿಕ್ಷಣದ ಹಕ್ಕಿನ ಕಾಯಿದೆ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಒಳ್ಳೆಯದೇ ಆಯಿತು. ಬೆತ್ತದ ಬಾಸುಂಡೆಯನ್ನಾದರೆ ತೋರಿಸಬಹುದು, ನನ್ನಂಥವನ ಹಾಸ್ಯವನ್ನು ಯಾರ ಮುಂದೆ ತೋರಿಸುವುದು? ಈಗಿನ ಶಾಲೆಗಳಲ್ಲಿ ಸುರಕ್ಷತೆಯೆಂದರೆ ಕ್ಯಾಮರಾ, ಎತ್ತರದ ಕಾಂಪೌಂಡು, ಬಾಗಿಲಲ್ಲಿ ಕಾವಲುಗಾರ. ಬೇಡವೆನ್ನುವುದಿಲ್ಲ. ಆದರೆ ನನ್ನ ಮಾತಿಗೆ ನಕ್ಕವರ ನಡುವೆ ಆ ಹುಡುಗನೂ ನಗುತ್ತಿದ್ದನಲ್ಲ, ಕ್ಯಾಮರಾದಲ್ಲಿ ಅದು ಸಂತೋಷದ ತರಗತಿಯಂತೆಯೇ ಕಂಡಿರುತ್ತಿತ್ತು.

ತೊಮೊಯೆ ಶಾಲೆ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಉರಿಯುವ ಬೋಗಿಗಳನ್ನು ನೋಡುತ್ತ, ಮುಂದೆ ಎಂಥ ಶಾಲೆ ಕಟ್ಟೋಣವೆಂದು ಕೊಬಾಯಾಶಿ ಮಗನನ್ನು ಕೇಳಿದರೆಂದು ಲೇಖಕಿ ಬರೆಯುತ್ತಾರೆ. ಆ ಪ್ರಾಥಮಿಕ ಶಾಲೆ ಮತ್ತೆ ಏಳಲಿಲ್ಲ. 1963ರಲ್ಲಿ ಅವರು ತೀರಿಕೊಂಡರು. ಅಂತ್ಯ ಮನಕಲಕುವಂಥದು, ನಿಜ. ಆದರೂ ಪುಸ್ತಕ ಮುಚ್ಚಿದಾಗ ನನ್ನ ಮನಸ್ಸು ಹೋಗುವುದು ಆ ಉಪಾಧ್ಯಾಯಿನಿಯ ಕಡೆಗೆ. ಅಡುಗೆಮನೆಯಿಂದ ಹೊರಬಂದವಳು ಮರುದಿನ ತರಗತಿಗೆ ಹೋಗಿ ತಕಾಹಾಶಿಯ ಮುಖವನ್ನು ಹೇಗೆ ನೋಡಿದಳು, ಅವನಿಗೆ ಏನೆಂದಳು ಎಂಬುದನ್ನು ಲೇಖಕಿ ಹೇಳುವುದಿಲ್ಲ. ನನಗೆ ಬೇಕಾಗಿದ್ದದ್ದು ಆ ಪುಟ.