ಪಟ್ಟಿಗೆ ಬಾರದ ಸಹಪಾಠಿಗಳು

ಎಸ್ಸೆಸ್ಸೆಲ್ಸಿ ಮುಗಿಸಿ ಇಪ್ಪತ್ತು, ಇಪ್ಪತ್ತೈದು ವರ್ಷವಾದ ಬ್ಯಾಚಿನವರು ಒಟ್ಟು ಸೇರಿ ಗುರುವಂದನೆ, ಸ್ನೇಹ ಸಮ್ಮಿಲನ ನಡೆಸುವುದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಈಗ ರೂಢಿಯಾಗಿದೆ. ಶಾಲೆಯ ಅಂಗಳದಲ್ಲಿ ಶಾಮಿಯಾನ ಏಳುತ್ತದೆ. ನಿವೃತ್ತ ಮೇಷ್ಟ್ರುಗಳನ್ನು ಮನೆಗೇ ಹೋಗಿ ಕಾರಿನಲ್ಲಿ ಕರೆತಂದು ಶಾಲು ಹೊದಿಸಿ ಕಾಲಿಗೆ ಬೀಳುತ್ತಾರೆ. ಇದರ ಜೊತೆಗೆ ಅಲ್ಲಲ್ಲಿ ಇನ್ನೊಂದು ಕೆಲಸವೂ ಸೇರಿಕೊಂಡಿದೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಗೆಳೆಯನೊಬ್ಬ ಬ್ಯಾಚಿನ ಹೆಸರಲ್ಲಿ ಜಾಲತಾಣ ಕಟ್ಟಿಕೊಡುವುದು. ಅವನ ಉತ್ಸಾಹ ದೊಡ್ಡದು, ಪ್ರೀತಿಯಿಂದಲೇ ಮಾಡಿರುತ್ತಾನೆ. ಆದರೂ ಈ ಜಾಲತಾಣಗಳನ್ನು ಒಂದು ಕೃತಿಯಂತೆ ಓದಿ ಬೆಲೆ ಕಟ್ಟುವ ಕಾಲ ಬಂದಿದೆ. ನನ್ನ ಅಳತೆಗೋಲು ಒಂದೇ. ಆ ತರಗತಿಯ ಹಾಜರಿ ಪುಸ್ತಕದಲ್ಲಿದ್ದವರಲ್ಲಿ ಎಷ್ಟು ಜನರ ಹೆಸರು ಇಲ್ಲಿದೆ? ಈ ಕೋಲು ಹಿಡಿದರೆ ಹೆಚ್ಚಿನವು ಅರ್ಧಕ್ಕೇ ನಿಲ್ಲುತ್ತವೆ.

ಪಟ್ಟಿ ಹುಟ್ಟುವ ರೀತಿಯಲ್ಲೇ ಕೊರತೆ ಇದೆ. ಮೊದಲು ಏಳೆಂಟು ಜನ ಸೇರಿ ವಾಟ್ಸಾಪ್ ಗುಂಪು ಮಾಡುತ್ತಾರೆ, ಅವರವರ ಫೋನಿನಲ್ಲಿದ್ದ ನಂಬರುಗಳನ್ನು ಸೇರಿಸುತ್ತಾರೆ, ಕೊನೆಗೆ ಆ ಗುಂಪೇ ಜಾಲತಾಣದ ‘ನಮ್ಮ ಬ್ಯಾಚ್’ ಪುಟವಾಗುತ್ತದೆ. ಹಾಗಾಗಿ ಅಲ್ಲಿ ಕಾಣುವವರು ಪಾಸಾಗಿ ಪಿಯುಸಿ ಸೇರಿದವರು, ದಾವಣಗೆರೆ, ಶಿವಮೊಗ್ಗ, ಬೆಂಗಳೂರು ಹಿಡಿದವರು, ಊರಲ್ಲೇ ಅಡಿಕೆ ವ್ಯಾಪಾರವನ್ನೋ ರಾಜಕೀಯವನ್ನೋ ಮಾಡಿಕೊಂಡು ನಾಲ್ಕು ಜನರಿಗೆ ಗೊತ್ತಿರುವವರು. ಇಂಗ್ಲಿಷಿನಲ್ಲೋ ಗಣಿತದಲ್ಲೋ ಫೇಲಾಗಿ ಮತ್ತೆ ಪರೀಕ್ಷೆ ಕಟ್ಟದೆ ಉಳಿದವನು ಕಾಣುವುದಿಲ್ಲ. ಒಂಬತ್ತನೇ ಕ್ಲಾಸಿನ ನಡುವೆ ಮದುವೆಯಾಗಿ ಹೋದವಳು ಕಾಣುವುದಿಲ್ಲ. ಜಗಳೂರಿನಂಥ ಮಳೆ ನೆಚ್ಚಿದ ಸೀಮೆಯಲ್ಲಿ ಹಾಸ್ಟೆಲ್‌ನಲ್ಲಿದ್ದು ಓದಿ, ಬರ ಬಿದ್ದ ವರ್ಷ ಅಪ್ಪ ಅಮ್ಮನ ಜೊತೆ ದುಡಿಯಲು ಊರು ಬಿಟ್ಟ ಹುಡುಗ ಎಲ್ಲಿದ್ದಾನೋ ಯಾರಿಗೂ ತಿಳಿಯದು. ಇವರೆಲ್ಲ ಅದೇ ಬೆಂಚಿನಲ್ಲಿ ಕೂತವರು, ಅದೇ ಮೇಷ್ಟ್ರ ಕೈಯಲ್ಲಿ ಏಟು ತಿಂದವರು. ಪರೀಕ್ಷೆಯ ಫಲಿತಾಂಶ ಒಮ್ಮೆ ಹೊರಗಿಟ್ಟವರನ್ನು ಇಷ್ಟು ವರ್ಷಗಳ ನಂತರ ಗೆಳೆಯರೇ ಮತ್ತೊಮ್ಮೆ ಹೊರಗಿಡುವುದು ನನಗೆ ಸರಿ ಕಾಣುವುದಿಲ್ಲ.

ಪೂರ್ಣ ಪಟ್ಟಿ ಇರುವುದು ಶಾಲೆಯ ಬೀರುವಿನಲ್ಲಿ. ದಾಖಲಾತಿ ವಹಿಯಲ್ಲಿ ಹೆಸರು, ತಂದೆಯ ಹೆಸರು, ಊರು, ಸೇರಿದ ತಾರೀಕು, ಬಿಟ್ಟ ತಾರೀಕು ಎಲ್ಲವೂ ಇರುತ್ತದೆ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಅಲ್ಲೇ ಕೂತು, ಹೆಸರು ಮತ್ತು ಊರನ್ನಷ್ಟೇ ಕೈಯಲ್ಲಿ ಬರೆದುಕೊಂಡು ಬರುವುದು ಒಂದು ದಿನದ ಕೆಲಸ. ಹಾಗೆ ಮಾಡದೆ ಪುಟದ ಫೋಟೊ ತೆಗೆದು ‘ಹಳೆಯ ನೆನಪು’ ಎಂದು ಜಾಲತಾಣಕ್ಕೆ ಏರಿಸುವುದು ಅಪಾಯ. ಅದೇ ಪುಟದಲ್ಲಿ ಜಾತಿಯ ಕಾಲಂ ಇದೆ, ಹುಟ್ಟಿದ ತಾರೀಕಿದೆ. ಅಂಕಪಟ್ಟಿಯ ಚಿತ್ರ ಹಾಕುವವರೂ ಇದ್ದಾರೆ. ತಂದೆ ತಾಯಿಯ ಹೆಸರೂ ಜನ್ಮದಿನಾಂಕವೂ ಒಟ್ಟಿಗೆ ಸಿಕ್ಕರೆ ಬ್ಯಾಂಕಿನ ಹೆಸರು ಹೇಳಿ ಫೋನ್ ಮಾಡುವ ವಂಚಕರಿಗೆ ಇನ್ನೇನು ಬೇಕು?

ನಮ್ಮ ಈ ನಾಲ್ಕು ತಾಲೂಕುಗಳಿಗೆ ಇನ್ನೊಂದು ತೊಡಕೂ ಇದೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು. ಆಗ ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರು ಚನ್ನಗಿರಿ ತಾಲೂಕಿನ ಕಾರಿಗನೂರಿನವರೇ. ಅದಕ್ಕೂ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ 2018ರಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ತಾಲೂಕಾಯಿತು. 1990ರಲ್ಲಿ ನ್ಯಾಮತಿಯಲ್ಲಿ ಓದಿದವರ ವಿಳಾಸ ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲೂಕು. ಅದೇ ಮನೆಯಲ್ಲಿದ್ದವರಿಗೆ ಇವತ್ತು ದಾವಣಗೆರೆ ಜಿಲ್ಲೆ, ನ್ಯಾಮತಿ ತಾಲೂಕು. ಶಾಲೆಗಳ ಹೆಸರೂ ನಿಂತಿಲ್ಲ: ಎಲ್ಲರ ಬಾಯಲ್ಲಿ ಜೂನಿಯರ್ ಕಾಲೇಜು ಆಗಿದ್ದದ್ದು ಕಾಗದದಲ್ಲಿ ಪದವಿಪೂರ್ವ ಕಾಲೇಜಿನ ಪ್ರೌಢಶಾಲಾ ವಿಭಾಗ, ಕೆಲವು ಕಡೆ ಈಗ ಕರ್ನಾಟಕ ಪಬ್ಲಿಕ್ ಶಾಲೆ. ದೂರದ ಊರಿಂದ ಸಹಪಾಠಿಯೊಬ್ಬರು ಗೂಗಲ್‌ನಲ್ಲಿ ಹುಡುಕುವುದು ತಮಗೆ ನೆನಪಿರುವ ಹೆಸರನ್ನೇ. ಹಳೆಯ ಹೆಸರು, ಹಳೆಯ ಜಿಲ್ಲೆ ಎರಡನ್ನೂ ಮೊದಲ ಪುಟದಲ್ಲಿ ಅಕ್ಷರದಲ್ಲಿ ಬರೆದಿಟ್ಟರೆ ಮಾತ್ರ ಅವರಿಗೆ ದಾರಿ ಸಿಗುತ್ತದೆ.

‘ಅಕ್ಷರದಲ್ಲಿ’ ಎಂದು ಒತ್ತಿ ಹೇಳಲು ಕಾರಣವಿದೆ. ಸ್ಮರಣ ಸಂಚಿಕೆಗೆಂದು ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ ಲೇಖನಗಳನ್ನು ಹಾಗೇ ಜಾಲತಾಣಕ್ಕೆ ಅಂಟಿಸಿದರೆ ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ರೋಮನ್ ಅಕ್ಷರ, ಚಿಹ್ನೆಗಳ ಸಾಲು ಮೂಡುತ್ತದೆ. ಅದರಿಂದ ಪಾರಾಗಲು ಇಡೀ ಪುಟವನ್ನೇ ಚಿತ್ರವಾಗಿ ಹಾಕುತ್ತಾರೆ. ಓದಲು ಬರುತ್ತದೆ, ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ, ಅರ್ಕಾವತ್ತು ಕೆಟ್ಟಿದೆಯೇ ಎಂದು ಒಬ್ಬರು ಕೂತು ತಿದ್ದಲೇಬೇಕು. ಕನ್ನಡ ಪಂಡಿತರ ಹತ್ತಿರ ಕಲಿತ ಒಬ್ಬರಾದರೂ ಪ್ರತಿ ಬ್ಯಾಚಿನಲ್ಲಿ ಇದ್ದೇ ಇರುತ್ತಾರೆ.

ಇಂಥ ಜಾಲತಾಣಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಬೀಳ್ಕೊಡುಗೆಯ ದಿನದ ಗ್ರೂಪ್ ಫೋಟೊ. ನಡುವೆ ಕುರ್ಚಿಯಲ್ಲಿ ಹೆಡ್‌ಮಾಸ್ಟರು, ಅಕ್ಕಪಕ್ಕ ಮೇಷ್ಟ್ರುಗಳು, ಮೇಡಂಗಳು, ಮುಂದೆ ನೆಲದ ಮೇಲೆ ಒಂದು ಸಾಲು, ಹಿಂದೆ ಬೆಂಚು ಹತ್ತಿ ನಿಂತ ಹುಡುಗರು, ಅಂಚಿನಲ್ಲಿ ಗಂಟೆ ಹೊಡೆಯುತ್ತಿದ್ದ ಜವಾನ. ಫೋಟೊದ ಕೆಳಗೆ ರಟ್ಟಿನ ಮೇಲೆ ಸಾಲುಸಾಲಾಗಿ, ಎಡದಿಂದ ಬಲಕ್ಕೆ ಹೆಸರುಗಳು. ಜಾಲತಾಣದಲ್ಲಿ ಕಾಣುವುದು ಅದರ ವಾಟ್ಸಾಪ್ ಪ್ರತಿ: ಕೈಯಿಂದ ಕೈಗೆ ಹೋಗುತ್ತ ಕುಗ್ಗಿದ್ದು, ಮುಖಗಳೇನೋ ಗುರುತು ಸಿಗುತ್ತವೆ, ಕೆಳಗಿನ ಹೆಸರುಗಳು ಮಸಿ ಚುಕ್ಕೆಗಳಾಗಿವೆ. ಅಂದರೆ ಆ ಫೋಟೊದಲ್ಲಿ ಉಳಿಸಲೇಬೇಕಾಗಿದ್ದ ಭಾಗವೇ ಹೋಗಿದೆ. ರಟ್ಟು ಸಮೇತ ಕಾಪಾಡಿಕೊಂಡು ಬಂದ ಒಬ್ಬರ ಮನೆ ಹುಡುಕಿ, 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಹೆಸರುಗಳನ್ನು ಪಕ್ಕದಲ್ಲಿ ಬೇರೆಯಾಗಿ ಟೈಪ್ ಮಾಡಿಟ್ಟರೆ ಸಾಕು, ಜಾಲತಾಣದ ಉಳಿದ ನೂರು ಸೆಲ್ಫಿಗಳಿಗಿಂತ ಅದು ತೂಕದ್ದು. ಆ ಸಾಲಿನಲ್ಲಿ ಜವಾನನ ಹೆಸರೂ ಇರುತ್ತದೆ. ಗುರುವಂದನೆಯ ಆಹ್ವಾನ ಪತ್ರಿಕೆಯಲ್ಲಿ ಅದು ಅಪರೂಪ.

ಹೆಣ್ಣುಮಕ್ಕಳ ವಿಷಯದಲ್ಲಿ ಎಚ್ಚರ ಬೇಕು. ಫೋನ್ ನಂಬರು, ಊರು, ಗಂಡನ ಹೆಸರು ಎಲ್ಲವನ್ನೂ ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟು, ಆಮೇಲೆ ರಾತ್ರಿ ಹೊತ್ತು ಅಪರಿಚಿತರ ಫೋನ್ ಬಂತೆಂದು ಆಕೆ ಗುಂಪನ್ನೇ ಬಿಟ್ಟುಹೋಗುವಂತಾದರೆ ಹುಡುಕಿದ ಶ್ರಮವೆಲ್ಲ ವ್ಯರ್ಥ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆಗೇ ಮಹತ್ವ ಕೊಟ್ಟಿದೆ. ಹೆಸರು ಎಲ್ಲರಿಗೂ ಕಾಣಲಿ. ನಂಬರು ಇಬ್ಬರು ನಂಬಿಕಸ್ಥರ ಹತ್ತಿರ ಮಾತ್ರ ಇರಲಿ, ಅವರಲ್ಲೊಬ್ಬರು ಹೆಣ್ಣುಮಗಳಾಗಿರಲಿ.

ಇನ್ನು ಬಾಳಿಕೆ. ಸಮ್ಮಿಲನ ಮುಗಿದ ವಾರಕ್ಕೆ ಈ ಜಾಲತಾಣಗಳು ಜಾತ್ರೆ ಕಳೆದ ಬಯಲಿನಂತಾಗುತ್ತವೆ. ಡೊಮೇನ್ ಇರುವುದು ಕಟ್ಟಿದವನ ಹೆಸರಲ್ಲಿ, ಹಣ ಹೋಗುವುದು ಅವನ ಕಾರ್ಡಿನಿಂದ, ನವೀಕರಣದ ಎಚ್ಚರಿಕೆ ಬರುವುದು ಅವನ ಹಳೆಯ ಇಮೇಲಿಗೆ. ಅವನು ವಿದೇಶಕ್ಕೆ ಹೋಗಿ ಸಿಮ್ ಬದಲಿಸಿದರೆ ಒಟಿಪಿಯೂ ಇಲ್ಲ. ಅವಧಿ ಮೀರಿ ಕೈಬಿಟ್ಟ ವಿಳಾಸವನ್ನು ಬೇರೆ ಯಾರೋ ಕೊಳ್ಳುತ್ತಾರೆ, ಮೇಷ್ಟ್ರ ಫೋಟೊ ಇದ್ದ ಜಾಗದಲ್ಲಿ ಜೂಜಿನ ಜಾಹೀರಾತು ಬರುತ್ತದೆ. ಪುಕ್ಕಟೆ ಜಾಗ ನೆಚ್ಚುವುದೂ ಭದ್ರವಲ್ಲ. ಜಿಯೋಸಿಟೀಸ್ 2009ರ ಅಕ್ಟೋಬರ್‌ನಲ್ಲಿ, ನಮ್ಮ ಎಷ್ಟೋ ಗೆಳೆತನಗಳು ಮತ್ತೆ ಬೆಸೆದುಕೊಂಡಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ, ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಮುಚ್ಚಿದವು. ವಾಟ್ಸಾಪ್ ಗುಂಪನ್ನೇ ಕಡತವೆಂದು ನಂಬಿ ಕೂತವರು ಈ ತಾರೀಕುಗಳನ್ನು ನೆನಪಿಡುವುದು ಒಳ್ಳೆಯದು.

ಪರಿಹಾರಕ್ಕೆ ದೊಡ್ಡ ಖರ್ಚಿಲ್ಲ. ಹಲವು ಡೊಮೇನ್‌ಗಳನ್ನು ಹತ್ತು ವರ್ಷಕ್ಕೆ ಒಟ್ಟಿಗೇ ಕೊಳ್ಳಬಹುದು. ಶಾಮಿಯಾನ, ಫ್ಲೆಕ್ಸು, ಊಟದ ಲೆಕ್ಕದ ಮುಂದೆ ಅದು ಸಣ್ಣ ಬಾಬತ್ತು. ನೋಂದಾಯಿತ ಹಳೆಯ ವಿದ್ಯಾರ್ಥಿಗಳ ಸಂಘವಿದ್ದರೆ ಅದರ ಹೆಸರಿಗೇ ಇರಲಿ, ಪಾಸ್‌ವರ್ಡ್ ಊರಲ್ಲಿರುವ ಒಬ್ಬರಿಗೂ ಗೊತ್ತಿರಲಿ. ವೇಬ್ಯಾಕ್ ಮೆಷೀನ್‌ನಲ್ಲಿ ಪುಟಗಳ ಪ್ರತಿ ಉಳಿಸಬೇಕು. ಪಟ್ಟಿಯನ್ನೂ ಫೋಟೊವನ್ನೂ ಕಾಗದಕ್ಕೆ ಮುದ್ರಿಸಿ ಶಾಲೆಯ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಡಬೇಕು.

ಇದಕ್ಕಿಂತ ಮೊದಲು ಆಗಬೇಕಾದದ್ದು ಹುಡುಕಾಟ. ಅಮೆರಿಕದ ಹೈಸ್ಕೂಲು ಬ್ಯಾಚುಗಳ ಜಾಲತಾಣಗಳಲ್ಲಿ ‘ಪತ್ತೆಯಾಗದ ಸಹಪಾಠಿಗಳು’ ಎಂಬ ಪುಟ ಇರುವುದುಂಟು, ತೀರಿಕೊಂಡವರಿಗೂ ಒಂದು ಪುಟ. ಎರಡೂ ನಮಗೆ ಬೇಕು. ಅಲ್ಲಿ ಹೆಸರು ನೋಡಿದವರು ಇಮೇಲ್ ಬರೆಯುತ್ತಾರೆ. ಇಲ್ಲಿ ಅಷ್ಟಕ್ಕೇ ಕೆಲಸ ಆಗದು. ಹೋಬಳಿಯ ಹೈಸ್ಕೂಲಿಗೆ ಸುತ್ತಲಿನ ಹಳ್ಳಿಗಳ ಮಕ್ಕಳು ಬರುತ್ತಿದ್ದರು. ಹಳ್ಳಿಗೊಬ್ಬರಂತೆ ಹೊಣೆ ಹಂಚಿಕೊಂಡು, ವಹಿಯಿಂದ ಬರೆದು ತಂದ ಹೆಸರುಗಳನ್ನು ಹಿಡಿದು ಮನೆಮನೆಗೆ ಹೋಗಿ ಕೇಳಬೇಕು. ಮದುವೆಯಾಗಿ ಹೋದವಳ ನಂಬರು ಅಣ್ಣನ ಹತ್ತಿರ, ಅತ್ತಿಗೆಯ ಹತ್ತಿರ ಇರುತ್ತದೆ. ಊರಮ್ಮನ ಹಬ್ಬಕ್ಕೋ ಗೌರಿ ಹಬ್ಬಕ್ಕೋ ಆಕೆ ತವರಿಗೆ ಬಂದಾಗ ನೇರವಾಗಿ ಮಾತಾಡಿ, ಹೆಸರು ಹಾಕಬಹುದೇ ಎಂದು ಅವಳನ್ನೇ ಕೇಳಬಹುದು. ಆದ್ದರಿಂದ ಜಾಲತಾಣದ ಕೆಲಸ ಸಮ್ಮಿಲನಕ್ಕೆ ಒಂದು ತಿಂಗಳಿರುವಾಗ ಶುರುವಾದರೆ ಸಾಲದು, ಊರಿನ ಒಂದು ಹಬ್ಬವಾದರೂ ನಡುವೆ ಬರುವಷ್ಟು ಮೊದಲೇ ಶುರುವಾಗಬೇಕು.