ಕನ್ನಡಿ ಹಿಡಿಯುವ ಕೈ

ಶಿಗ್ಗಾವಿಯಿಂದ ತಂಗಿಯ ಮಗಳು ಬಂದಿದ್ದಳು. ಕೈಯಲ್ಲಿ ಹೊಳೆಯುವ ಕಾಗದದ ಒಂದು ಜಾಹೀರಾತು. ಅದರ ಮೇಲೆ ತಲೆಗೆ ವೈರು ಅಂಟಿಸಿಕೊಂಡು ನಗುತ್ತಿರುವ ಹುಡುಗನ ಚಿತ್ರ. ಅವಳ ಮಗನಿಗೆ ಎಂಟು ವರ್ಷ. ಕುಳಿತಲ್ಲಿ ಕೂರುವುದಿಲ್ಲ, ಬರೆಯಲು ಹಿಡಿದದ್ದನ್ನು ಮುಗಿಸುವುದಿಲ್ಲ, ಶಾಲೆಯಿಂದ ದಿನಕ್ಕೊಂದು ದೂರು. ದೊಡ್ಡ ಊರಿನ ಒಂದು ಕೇಂದ್ರದವರು ನಲವತ್ತು ಸಲ ಯಂತ್ರದ ಮುಂದೆ ಕೂರಿಸಿದರೆ ಮೆದುಳೇ ತರಬೇತಾಗುತ್ತದೆ ಎಂದು ಹೇಳಿ ಕಳಿಸಿದ್ದರು.

"ದೊಡ್ಡವ್ವಾ, ನೀ ಮೂವತ್ತು ವರ್ಷ ದವಾಖಾನ್ಯಾಗ ದುಡದಾಕಿ. ಇದು ಖರೇನೋ ಸುಳ್ಳೋ ಅಷ್ಟ ಹೇಳು. ಖರೇ ಅಂದ್ರ ಈ ಬಳಿ ಒತ್ತಿ ಇಡತೇನಿ" ಅಂದಳು.

ನನಗೆ ಥಟ್ಟನೆ ಉತ್ತರ ಹೇಳಲಾಗಲಿಲ್ಲ. ಯಾಕೆಂದರೆ ಈ ವಿದ್ಯೆಯ ತರಬೇತಿಗೆ ನಾನೂ ಒಮ್ಮೆ ಹೋಗಿ ಕುಳಿತು, ಚೌಕಟ್ಟು ಹಾಕಿಸುವಂಥ ಪ್ರಮಾಣಪತ್ರ ತಂದವಳು. ಪುಸ್ತಕಕ್ಕೆ ವಿಮರ್ಶೆಯಿದೆ, ನಾಟಕಕ್ಕೆ ವಿಮರ್ಶೆಯಿದೆ. ನಮ್ಮಂಥ ನರ್ಸುಗಳಿಗೆ, ಡಾಕ್ಟರುಗಳಿಗೆ ಕೊಡುವ ತರಬೇತಿಗೆ ಮಾತ್ರ ಕೊನೆಯಲ್ಲಿ ಒಂದು ಹಾಳೆ ಕೊಟ್ಟು 'ಉತ್ತಮ' ಎಂಬಲ್ಲಿ ಗುರುತು ಹಾಕಿಸಿಕೊಳ್ಳುತ್ತಾರೆ. ಊಟ ಚೆನ್ನಾಗಿತ್ತು, ನಾನೂ ಹಾಕಿ ಬಂದೆ. ಅಂದು ಬರೆಯದ ವಿಮರ್ಶೆಯನ್ನು ಈಗ ಬರೆಯುತ್ತಿದ್ದೇನೆ.

ಮೊದಲು ಈ ಬಯೋಫೀಡ್‌ಬ್ಯಾಕ್ ಅಂದರೇನು? ನಮ್ಮ ಹಣೆಯ ಕುಂಕುಮ ನೆಟ್ಟಗಿದೆಯೋ ಸೊಟ್ಟಗಿದೆಯೋ ನಮಗೆ ಕಾಣುವುದಿಲ್ಲ. ಕನ್ನಡಿ ನೋಡಿದರೆ ನಾವೇ ತಿದ್ದಿಕೊಳ್ಳುತ್ತೇವೆ. ಕನ್ನಡಿ ತಾನಾಗಿ ತಿದ್ದುವುದಿಲ್ಲ. ಮೈಯೊಳಗೆ ನಡೆಯುವ, ನಮಗೆ ಗೊತ್ತಾಗದ ಕೆಲಸಗಳಿಗೂ, ಅಂದರೆ ಸ್ನಾಯುವಿನ ಬಿಗಿತ, ಬೆರಳ ತುದಿಯ ಬಿಸುಪು, ಎದೆಬಡಿತ, ಬೆವರು ಇವುಗಳಿಗೂ ಇಂಥದೇ ಕನ್ನಡಿ ಹಿಡಿಯುವುದು ಈ ಯಂತ್ರದ ಕೆಲಸ. ಪರದೆಯ ಮೇಲೆ ಗೆರೆ ಏರುತ್ತದೆ, ಇಳಿಯುತ್ತದೆ. ಅದನ್ನು ನೋಡುತ್ತ ಮೈಯನ್ನು ಸಡಿಲ ಬಿಡುವುದನ್ನು ಕಲಿಯಬೇಕು. ಕನ್ನಡಿಯನ್ನು ಮೆದುಳಿನ ವಿದ್ಯುತ್ ಅಲೆಗಳಿಗೆ ಹಿಡಿದರೆ ಅದು ನ್ಯೂರೋಫೀಡ್‌ಬ್ಯಾಕ್. ಹುಡುಗನ ತಲೆಗೆ ವೈರು ಅಂಟಿಸಿ, ಬೇಕಾದ ಅಲೆ ಬಂದಾಗ ಪರದೆಯ ಮೇಲಿನ ವಿಮಾನ ಹಾರುವಂತೆ ಮಾಡುತ್ತಾರೆ.

ಇದರಲ್ಲಿ ಮೋಸವೇನೂ ಇಲ್ಲ. ಇದರ ಚರಿತ್ರೆಯೂ ಚಿಕ್ಕದಲ್ಲ. ಮನುಷ್ಯನ ಮೆದುಳಿನ ಅಲೆಗಳನ್ನು ಜರ್ಮನಿಯ ಹ್ಯಾನ್ಸ್ ಬರ್ಗರ್ ಮೊದಲು ದಾಖಲಿಸಿದ್ದು 1924ರಲ್ಲಿ. 1970ರಲ್ಲಿ ನಮ್ಮ ದೇಶದ ಸ್ವಾಮಿ ರಾಮ ಅವರನ್ನು ಅಮೆರಿಕದ ಟೊಪೀಕಾ ಊರಿನ ಮೆನಿಂಜರ್ ಸಂಸ್ಥೆಯಲ್ಲಿ ಎಲ್ಮರ್ ಗ್ರೀನ್ ಎಂಬವರು ಯಂತ್ರಗಳಿಗೆ ಜೋಡಿಸಿ ಪರೀಕ್ಷಿಸಿದರು. ಅದೇ ಸಂಸ್ಥೆಯವರು ಕೈ ಬೆಚ್ಚಗೆ ಮಾಡಿಕೊಳ್ಳುವುದನ್ನು ಕಲಿಸಿ ಅರೆತಲೆನೋವನ್ನು ಹತೋಟಿಗೆ ತರಲು ನೋಡಿದರು. 2000ದಲ್ಲಿ ಅಮೆರಿಕದ ತಲೆನೋವು ತಜ್ಞರ ಮಾರ್ಗಸೂಚಿ ಇದನ್ನು ಒಪ್ಪಬಹುದಾದ ಉಪಾಯಗಳ ಸಾಲಿಗೆ ಸೇರಿಸಿತು. ಮಲವಿಸರ್ಜನೆಯ ಹೊತ್ತಿಗೆ ಸಡಿಲಬೇಕಾದ ಸ್ನಾಯು ಬಿಗಿದುಕೊಂಡು ಆಗುವ ಒಂದು ಬಗೆಯ ಮಲಬದ್ಧತೆಗಂತೂ ಇದು ಭೇದಿಯ ಔಷಧಿಗಿಂತ ಮೇಲೆಂದು ಪರೀಕ್ಷೆಗಳಲ್ಲಿ ಕಂಡಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಲೆಗೆ ಪೆಟ್ಟು ಬಿದ್ದವರ ಮೇಲೆ ನ್ಯೂರೋಫೀಡ್‌ಬ್ಯಾಕ್ ಅಧ್ಯಯನಗಳು ನಡೆದಿವೆ.

ಹಾಗಾದರೆ ನನ್ನ ತಕರಾರು ಏನು? ತಕರಾರು ಕನ್ನಡಿಯ ಮೇಲಲ್ಲ. ಕನ್ನಡಿ ಮಾರುವ ರೀತಿಯ ಮೇಲೆ, ಅದನ್ನು ಹಿಡಿಯಲು ನಮಗೆ ಕಲಿಸಿದ ರೀತಿಯ ಮೇಲೆ.

ನಾನು ಹೋದ ತರಬೇತಿ ಮೂರು ದಿನದ್ದು. ಮೊದಲ ದಿನ ಭಾಷಣ, ಮೆದುಳಿನ ಬಣ್ಣದ ಚಿತ್ರಗಳು. ಎರಡನೆಯ ದಿನ ಯಂತ್ರ. ಮೂರನೆಯ ದಿನ ಆ ಯಂತ್ರದ ಬೆಲೆ, ಕಂತು, ರಿಯಾಯಿತಿ. ಎಂಥ ರೋಗಿಗೆ ಇದು ಬೇಡ ಎಂಬ ಮಾತು ಒಂದು ಸಲವೂ ಬರಲಿಲ್ಲ. ತಲೆನೋವು, ನಿದ್ರೆ ಬಾರದ್ದು, ಪರೀಕ್ಷೆಯ ಭಯ, ಗಂಡನ ಕುಡಿತ, ಮಗುವಿನ ಚೇಷ್ಟೆ, ಎಲ್ಲಕ್ಕೂ ಅದೊಂದೇ ಕುರ್ಚಿ. ನಮ್ಮ ಜಾತ್ರೆಯಲ್ಲಿ ಒಂದೇ ಬಾಟಲಿಯ ಎಣ್ಣೆಯನ್ನು ಮೊಣಕಾಲಿಗೂ ಬಕ್ಕತಲೆಗೂ ಮಾರುವವನ ನೆನಪಾಯಿತು.

ಅಮೆರಿಕದಲ್ಲಿ ಈ ವಿದ್ಯೆಗೆ ಪ್ರಮಾಣಪತ್ರ ಕೊಡುವ ಒಂದು ಮಂಡಳಿ 1981ರಿಂದ ಇದೆ. ಅಲ್ಲಿ ಪಾಠ ಕೇಳಿದರೆ ಸಾಲದು. ಶರೀರಶಾಸ್ತ್ರ ಓದಿರಬೇಕು, ಅನುಭವಸ್ಥರ ಕೈಕೆಳಗೆ ರೋಗಿಗಳನ್ನು ನೋಡಿರಬೇಕು. ಎಲ್ಲಕ್ಕಿಂತ ಮುಖ್ಯ, ಕಲಿಯುವವರು ಮೊದಲು ತಾವೇ ಯಂತ್ರಕ್ಕೆ ಕುಳಿತು ತಮ್ಮ ಮೈಯನ್ನು ಪಳಗಿಸಿಕೊಂಡಿರಬೇಕು. ನಮ್ಮ ಮೂರು ದಿನಗಳಲ್ಲಿ ನಾನು ಕುರ್ಚಿಯಲ್ಲಿ ಕುಳಿತದ್ದು ನಾಲ್ಕೋ ಐದೋ ನಿಮಿಷ. ಅದೂ ಫೋಟೋ ತೆಗೆಯುವುದಕ್ಕೆ.

ಈಗ ಮಗುವಿನ ಮಾತಿಗೆ ಬರುತ್ತೇನೆ. 2021ರಲ್ಲಿ ಅಮೆರಿಕದ ಒಂದು ದೊಡ್ಡ ಪರೀಕ್ಷೆಯ ಫಲ ಪ್ರಕಟವಾಯಿತು. ಏಳರಿಂದ ಹತ್ತು ವರ್ಷದ, ಗಮನ ನಿಲ್ಲದ ಮಕ್ಕಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಅವರದೇ ಮೆದುಳಿನ ಅಲೆಗಳ ನಿಜವಾದ ಕನ್ನಡಿ. ಇನ್ನೊಂದಕ್ಕೆ ಹಾಗೆಯೇ ಕಾಣುವ ಸುಳ್ಳು ಕನ್ನಡಿ. ಯಾರಿಗೆ ಯಾವುದು ಎಂದು ತಾಯಿತಂದೆಗೂ ಗೊತ್ತಿಲ್ಲ, ಕೂರಿಸುವವರಿಗೂ ಗೊತ್ತಿಲ್ಲ. ಕೊನೆಗೆ ನೋಡಿದರೆ ಎರಡೂ ಗುಂಪಿನ ಮಕ್ಕಳ ಗಮನ ಸುಧಾರಿಸಿತ್ತು, ಆದರೆ ಅವುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ವರ್ಷ ದಾಟಿದ ಮೇಲೆ ನೋಡಿದರೂ ಅಷ್ಟೇ.

ಇದನ್ನು ಓದಿ ಕೆಲವರು 'ಎಲ್ಲ ಬರಿ ಸುಳ್ಳು' ಅನ್ನಬಹುದು. ನನಗೆ ಹಾಗನ್ನಿಸಲಿಲ್ಲ. ಸುಳ್ಳು ಕನ್ನಡಿಯ ಮುಂದೆ ಕುಳಿತ ಮಕ್ಕಳೂ ಯಾಕೆ ಸುಧಾರಿಸಿದರು? ವಾರವಾರ ಗೊತ್ತಾದ ಹೊತ್ತಿಗೆ ತಾಯಿಯೋ ತಂದೆಯೋ ಕೈಹಿಡಿದು ಕರೆದೊಯ್ದರು. ಬೈಯದ ಒಬ್ಬ ದೊಡ್ಡವರು ಎದುರು ಕುಳಿತು 'ಶಾಬಾಸ್' ಅಂದರು. ಮಗು ಸ್ವಲ್ಪ ಬೆಳೆಯಿತು ಕೂಡ. ಇದರಲ್ಲಿ ಯಾವುದು ಎಷ್ಟು ಕೆಲಸ ಮಾಡಿತೋ ಬಿಡಿಸಿ ಹೇಳುವುದು ಕಷ್ಟ. ಆದರೆ ಬಳೆ ಒತ್ತಿ ಇಡಬೇಕಾದದ್ದು ವೈರಿಗಾಗಿ. ಆ ವೈರಿನ ಪಾಲು ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ.

ಇನ್ನೊಂದು ಪರೀಕ್ಷೆ ನಮಗೆ, ಹೆಂಗಸರಿಗೆ, ಇನ್ನೂ ಹತ್ತಿರದ್ದು. ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ಮೂತ್ರ ಜಿನುಗುವ ತೊಂದರೆ ಎಷ್ಟು ಮನೆಗಳಲ್ಲಿ ಇದೆ ಎಂದು ನಮಗೆ ನಮಗೇ ಗೊತ್ತು. ಹೆರಿಗೆಯಲ್ಲಿ ಜಗ್ಗಿದ ಕೆಳಹೊಟ್ಟೆಯ ತಳದ ಸ್ನಾಯುಗಳು ಸಡಿಲಾಗಿ ಇದು ಬರುತ್ತದೆ. ಆರ್ನಾಲ್ಡ್ ಕೆಗೆಲ್ ಎಂಬ ಅಮೆರಿಕದ ಸ್ತ್ರೀರೋಗ ತಜ್ಞ 1948ರಲ್ಲಿ ಇದಕ್ಕೆ ವ್ಯಾಯಾಮ ಹೇಳಿದ. ಸ್ನಾಯು ಎಷ್ಟು ಬಿಗಿಯಿತು ಎಂದು ಹೆಂಗಸಿಗೆ ತೋರಿಸುವ ಮುಳ್ಳಿನ ಸಣ್ಣ ಯಂತ್ರವನ್ನೂ ಮಾಡಿದ. ಬಯೋಫೀಡ್‌ಬ್ಯಾಕ್ ಎಂಬ ಶಬ್ದ ಹುಟ್ಟುವ ಮೊದಲೇ ಬಂದ ಬಯೋಫೀಡ್‌ಬ್ಯಾಕ್ ಅದು. 2020ರಲ್ಲಿ ಬ್ರಿಟನ್ನಿನಲ್ಲಿ 600 ಹೆಂಗಸರ ಮೇಲೆ ನಡೆದ ಪರೀಕ್ಷೆಯ ಫಲ ಬಂತು. ಅರ್ಧ ಮಂದಿಗೆ ಕಲಿತ ದಾದಿಯರು, ಫಿಸಿಯೋಥೆರಪಿಯವರು ಕೈಯಾರೆ ವ್ಯಾಯಾಮ ಕಲಿಸಿದರು. ಇನ್ನರ್ಧ ಮಂದಿಗೆ ಅದರ ಜೊತೆಗೆ ಯಂತ್ರವನ್ನೂ ಕೊಟ್ಟರು. ಎರಡು ವರ್ಷದ ಮೇಲೆ ಎರಡೂ ಗುಂಪು ಒಂದೇ. ಅಂದರೆ ಚೆನ್ನಾಗಿ ಕಲಿಸುವವರು ಇದ್ದಲ್ಲಿ ಯಂತ್ರ ಹೆಚ್ಚೇನೂ ಸೇರಿಸಲಿಲ್ಲ.

ಇದನ್ನು ಓದಿದಾಗ ನನಗೆ ಸವಣೂರಿನ ಒಬ್ಬಾಕೆ ನೆನಪಾದಳು. ವೀಳ್ಯದೆಲೆ ಮಾರುವವಳು. ಬುಟ್ಟಿ ಹೊತ್ತು ಸಂತೆಗೆ ಹೋಗುವುದನ್ನು ಬಿಟ್ಟಿದ್ದಳು, ಮದುವೆ ಮುಂಜಿವೆಗೂ ಹೋಗುತ್ತಿರಲಿಲ್ಲ. ಸೊಂಟನೋವು ಎಂದು ಹೇಳಿ ನನ್ನ ಹತ್ತಿರ ಗುಳಿಗೆ ಒಯ್ಯುತ್ತಿದ್ದಳು. ಎಷ್ಟೋ ತಿಂಗಳು ಕೊಟ್ಟೆ. ಒಂದು ದಿನ ಅವಳು ಬೆಂಚಿನಿಂದ ಎದ್ದಾಗ ಹಿಂದೆ ತಿರುಗಿ ಕುಳಿತ ಜಾಗವನ್ನು ಸೆರಗಿನಿಂದ ಒರೆಸಿದ್ದು ಕಂಡೆ. ಬಾಗಿಲು ಮುಂದೆ ಮಾಡಿ ಕೇಳಿದೆ.

"ಇದಕ್ಕೂ ಔಷಧ ಐತೇನ್ರಿ ಅಕ್ಕಾರ? ನಾ ಇದು ಹಡದ ಹೆಂಗಸರ ಹಣೇಬರಾ ಅಂತ ಮಾಡಿದ್ದೆ" ಅಂದಳು.

ಅಂದು ನನ್ನ ಹತ್ತಿರ ಯಂತ್ರವಿರಲಿಲ್ಲ. ಗಾಳಿ ತಡೆಯುವಾಗ ಒಳಗೆ ಬಿಗಿಹಿಡಿಯುತ್ತೀಯಲ್ಲ, ಆ ಜಾಗ ಎಂದು ಹೇಳಿದೆ. ಅವಳು ಉಸಿರು ಕಟ್ಟಿ, ತೊಡೆ ಬಿಗಿದು, ಕೆಳಕ್ಕೆ ಮುಕ್ಕಿದಳು. ಬಹಳಷ್ಟು ಹೆಂಗಸರು ಮೊದಲು ಮಾಡುವುದೇ ಹೀಗೆ. ಬರಿ ಮಾತಿನಲ್ಲಿ ಹೇಳಿ ಕಳಿಸಿದ್ದರೆ ಅದನ್ನೇ ಮಾಡುತ್ತಿದ್ದಳು. ಕೈಗವಸು ಹಾಕಿ, ಅವಳನ್ನು ಕೇಳಿಯೇ, ಬೆರಳಿನಿಂದ ಪರೀಕ್ಷಿಸಿ "ಈಗ ಸರಿ, ಈಗ ತಪ್ಪು" ಎಂದು ಹೇಳಿಕೊಟ್ಟೆ. ನಾಲ್ಕನೆಯ ಸಲಕ್ಕೆ ಸರಿಯಾಗಿ ಹಿಡಿದಳು. ಒಂದು ಸಲಕ್ಕೆ ಎಂಟು ಬಾರಿ, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಎಲೆ ಎಣಿಸುವವಳಿಗೆ ಎಣಿಕೆ ಕಷ್ಟವಾಗಲಿಲ್ಲ. ನಾಲ್ಕನೆಯ ತಿಂಗಳು ಬುಟ್ಟಿ ಹೊತ್ತೇ ಬಂದಳು. ಪೂರ್ತಿ ಹೋಗಿರಲಿಲ್ಲ, ಆದರೆ ಸಂತೆಗೆ ಹೋಗುವಷ್ಟಾಗಿತ್ತು.

ಬೆರಳೇ ಅಲ್ಲಿ ಯಂತ್ರವಾಗಿತ್ತು. ಕನ್ನಡಿ ಹಿಡಿದದ್ದು ನನ್ನ ಕೈ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಹಾನಗಲ್ಲಿನಲ್ಲಿ, ಹಿರೇಕೆರೂರಿನಲ್ಲಿ ಅವಳಿಗಿಂತ ಮೊದಲು ನನ್ನ ಮುಂದೆ ಕುಳಿತು ಸೊಂಟನೋವಿನ ಗುಳಿಗೆ ಒಯ್ದವರಲ್ಲಿ ಎಷ್ಟು ಮಂದಿಗೆ ಇದೇ ತೊಂದರೆ ಇತ್ತೋ! ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಕೇಳಬೇಕೆಂದು ಯಾವ ತರಬೇತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ ಎಂಬುದು ನಿಜ. ಆದರೆ ನಾನೂ ಎರಡು ಹಡೆದವಳು, ನನಗೆ ತಾನಾಗಿ ಹೊಳೆಯಬೇಕಿತ್ತು ಎಂಬುದೂ ನಿಜ.

ನನ್ನ ವಿಮರ್ಶೆಯ ತಿರುಳು ಇಷ್ಟೇ. ತರಬೇತಿ ಯಂತ್ರದಿಂದ ಶುರುವಾಗಬಾರದು, ಎದುರು ಕುಳಿತವರಿಂದ ಶುರುವಾಗಬೇಕು. ಇದು ನಮ್ಮ ನಾಡಿಗೆ ಹೊಸದೇನಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರು, ಆರೋಗ್ಯ ಕಾರ್ಯಕರ್ತೆಯರಿಗೆ ಮನೋರೋಗ ಗುರುತಿಸುವುದನ್ನು ಕಲಿಸಿದರು. ವೈರಿಲ್ಲ, ಪರದೆಯಿಲ್ಲ. ಏನು ಕೇಳಬೇಕು, ಹೇಗೆ ಕೇಳಬೇಕು, ಯಾವಾಗ ದೊಡ್ಡ ಆಸ್ಪತ್ರೆಗೆ ಕಳಿಸಬೇಕು, ಇಷ್ಟು. ಆ ಬಳ್ಳಾರಿಯ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಬಯೋಫೀಡ್‌ಬ್ಯಾಕ್ ಕಲಿಸುವವರು ಆ ಪಾಠವನ್ನು ಮೊದಲ ದಿನಕ್ಕೆ ಇಟ್ಟುಕೊಳ್ಳಲಿ. ಯಾವ ತೊಂದರೆಗೆ ಇದು ಗಟ್ಟಿ, ಯಾವುದಕ್ಕೆ ಇನ್ನೂ ಅನುಮಾನ ಎಂದು ಎರಡನೆಯ ದಿನ ಬಿಡಿಸಿ ಹೇಳಲಿ. ಯಂತ್ರ ಮೂರನೆಯ ದಿನ ಬರಲಿ. ಬೆಲೆಪಟ್ಟಿ ಬಾರದಿದ್ದರೂ ನಡೆದೀತು.

ಓದುವ ತಾಯಂದಿರಿಗೂ ಒಂದು ಮಾತು. ಯಾರಾದರೂ ಇಂಥ ಕುರ್ಚಿ ತೋರಿಸಿದರೆ ಮೂರು ಪ್ರಶ್ನೆ ಕೇಳಿರಿ. ರೋಗ ಯಾವುದೆಂದು ಯಾರು ನೋಡಿ ಹೇಳಿದರು? ಇವರು ಯಾವ ವಿದ್ಯೆ, ಎಷ್ಟು ವರ್ಷ ಕಲಿತವರು? ಹತ್ತು ಸಲವಾದ ಮೇಲೆ ಗುಣ ಕಾಣದಿದ್ದರೆ ನಿಲ್ಲಿಸುತ್ತಾರೆಯೇ? ಮೂರನೆಯದಕ್ಕೆ ಉತ್ತರ ಬರಲು ತಡವಾದರೆ ಚೀಲದ ಬಾಯಿ ಬಿಗಿಯಿರಿ.

ತಂಗಿಯ ಮಗಳಿಗೆ ನಾನು ಇದನ್ನೆಲ್ಲ ಹೇಳಲಿಲ್ಲ. "ಬಳಿ ಕೈಯಾಗ ಇರಲಿ. ಮೊದಲ ಧಾರವಾಡಕ್ಕ ಹೋಗೂಣು, ಡಿಮ್ಹಾನ್ಸ್‌ನ್ಯಾಗ ತೋರಸೂಣು. ನಾನೂ ಬರತೇನಿ" ಅಂದೆ. ಹೋದೆವು. ಡಾಕ್ಟರು ಹುಡುಗನನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ತಾಯಿಯನ್ನು ಮಾತಾಡಿಸಿದರು. ಔಷಧಿಯ ಮಾತು ಬಂತು, ಶಾಲೆಯ ಟೀಚರಿಗೆ ಹೇಳಬೇಕಾದ ಮಾತು ಬಂತು, ಮನೆಯಲ್ಲಿ ಒಂದು ಸಲಕ್ಕೆ ಒಂದೇ ಕೆಲಸ ಹೇಳುವ ಮಾತು ಬಂತು.

ಹುಡುಗ ಈಗಲೂ ಪೂರ್ತಿ ಕೂರುವುದಿಲ್ಲ. ಮೊನ್ನೆ ನಮ್ಮ ಮನೆಗೆ ಬಂದವನು ಪಡಸಾಲೆಯಲ್ಲಿ ಒಂದು ಪುಟ ಶುದ್ಧಬರಹ ಮುಗಿಸಿ, ಎದ್ದು ಅಂಗಳಕ್ಕೆ ಓಡಿದ. ತಾಯಿ ಪಕ್ಕದಲ್ಲೇ ಕುಳಿತಿದ್ದಳು. ಅವನು ಬರೆಯುವಷ್ಟು ಹೊತ್ತೂ ಅವಳು ಬಳೆ ಸದ್ದಾಗದಂತೆ ಕೈಯನ್ನು ಮಡಿಲಲ್ಲಿ ಹಿಡಿದುಕೊಂಡಿದ್ದಳು.