ಸೆರಗಿನ ಗೋಪುರ, ಮಗ್ಗದ ಕುಣಿ: ಇಳಕಲ್ ನೇಯ್ಗೆಯ ಸಂಭ್ರಮಾಚರಣೆಯನ್ನು ಕುರಿತು

ನೇಕಾರಿಕೆಯ ಊರುಗಳು ತಮ್ಮ ಪರಂಪರೆಯನ್ನು ಕೊಂಡಾಡುವಾಗ ಸಾಮಾನ್ಯವಾಗಿ ಮುಂದಿಡುವುದು ಮಗ್ಗದಲ್ಲಿ ಕುಳಿತ ಒಬ್ಬ ಪುರುಷನ ಚಿತ್ರವನ್ನು. ಗೋಡೆಚಿತ್ರ, ಸ್ವಾಗತ ಕಮಾನು, ಮೆರವಣಿಗೆಯ ಸ್ತಬ್ಧಚಿತ್ರ ಇವೆಲ್ಲವೂ ಬಹುಮಟ್ಟಿಗೆ ಇದೇ ಪ್ರತಿಮೆಯನ್ನು ಅವಲಂಬಿಸಿವೆ. ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯ ರಚನೆಯನ್ನು ಪರಿಶೀಲಿಸಿದರೆ ಈ ಪ್ರತಿಮೆಯ ಅಪೂರ್ಣತೆ ಸ್ಪಷ್ಟವಾಗುತ್ತದೆ.

ಇಳಕಲ್ ಸೀರೆಯ ಒಡಲಿನ ಹಾಸು ಮತ್ತು ಸೆರಗಿನ ಹಾಸು ಬೇರೆ ಬೇರೆಯಾಗಿ ಸಿದ್ಧಗೊಳ್ಳುತ್ತವೆ. ಅನಂತರ ಎಳೆಗೆ ಎಳೆ ಕೊಂಡಿ ಹಾಕಿ ಅವನ್ನು ಕೂಡಿಸಲಾಗುತ್ತದೆ. ಆದ್ದರಿಂದ ಪ್ರತಿ ಸೀರೆಗೂ ಹಾಸನ್ನು ಪ್ರತ್ಯೇಕವಾಗಿ ಅಣಿಗೊಳಿಸಬೇಕಾಗುತ್ತದೆ. ಟೋಪ ತೆನಿ ಸೆರಗಿನ ಕೆಂಪು ನೆಲದ ಮೇಲೆ ಮೂಡುವ ಬಿಳಿಯ ಗೋಪುರಗಳ ಹಿಂದೆ ಬಣ್ಣ ಹಾಕಿದವರು, ಹಾಸು ಹೂಡಿದವರು, ಕಂಡಿಕೆ ಸುತ್ತಿದವರು, ಕೊಂಡಿ ಕೂಡಿಸಿದವರು ಇದ್ದಾರೆ. ಕುಣಿಮಗ್ಗದಲ್ಲಿ ಲಾಳಿ ಎಸೆಯುವ ಕೈ ಈ ಸರಪಣಿಯ ಒಂದು ಘಟ್ಟ ಮಾತ್ರ.

ಸೀರೆ ಮಗ್ಗದಿಂದ ಇಳಿದ ಮೇಲೂ ಕೆಲಸ ಮುಗಿಯುವುದಿಲ್ಲ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಅದರ ಮೇಲೆ ಕಸೂತಿ ತೆಗೆಯುತ್ತಾರೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳದೆ, ಎಳೆ ಎಣಿಸಿ ಹಾಕುವ ಗಾವಂಟಿ, ಮುರ್ಗಿ, ನೇಯ್ಗಿ, ಹೆಂತಿ ಎಂಬ ಹೊಲಿಗೆಗಳಲ್ಲಿ ತೇರು, ಗೋಪುರ, ಆನೆ ಅಂಬಾರಿ, ತುಳಸಿಕಟ್ಟೆ, ನವಿಲುಗಳು ಮೂಡುತ್ತವೆ. ಸಮುದಾಯವು ತನ್ನ ಬಟ್ಟೆಯನ್ನು ತಾನೇ ಸಂಭ್ರಮಿಸಿದ ಕಲೆಯಿದು. ಇದರಲ್ಲಿ ಅಂಕಿತವಿಲ್ಲ. ಅದು ಕರ್ತೃವಿಲ್ಲದ ಕಾರಣಕ್ಕಲ್ಲ, ಕರ್ತೃಗಳು ಹಲವರಾದ ಕಾರಣಕ್ಕೆ.

2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯು ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ನೇಕಾರರನ್ನೂ ಪೂರಕ ಕೆಲಸಗಾರರನ್ನೂ ಗುರುತಿಸಿತು. ಅವರಲ್ಲಿ ಶೇ. 70ಕ್ಕಿಂತ ಹೆಚ್ಚಿನವರು ಮಹಿಳೆಯರು. ಈ ಪ್ರಮಾಣದಲ್ಲಿ ಈಶಾನ್ಯ ರಾಜ್ಯಗಳ ಪಾಲು ದೊಡ್ಡದೆಂಬುದು ನಿಜ. ಆದರೂ ಒಬ್ಬನೇ ಪುರುಷ ನೇಕಾರನ ಚಿತ್ರವು ಪರಂಪರೆಯ ಪ್ರತಿನಿಧಿಯಾಗಲಾರದು ಎಂಬ ಮಾತಿಗೆ ಇದು ಬಲವಾದ ಆಧಾರವಾಗಿದೆ.

ಸಂಭ್ರಮಾಚರಣೆ ನಿರರ್ಥಕವೆಂದು ಇದರ ಅರ್ಥವಲ್ಲ. 1905ರ ಸ್ವದೇಶಿ ಚಳವಳಿಯ ನೆನಪಿನಲ್ಲಿ 2015ರಿಂದ ಆಗಸ್ಟ್ 7ರಂದು ನಡೆಯುವ ರಾಷ್ಟ್ರೀಯ ಕೈಮಗ್ಗ ದಿನವಾಗಲಿ, ಇಳಕಲ್ ಸೀರೆಗೆ ದೊರೆತ ಭೌಗೋಳಿಕ ಸೂಚಿಕೆಯ ಮಾನ್ಯತೆಯಾಗಲಿ ಊರಿನ ಹೆಸರಿಗೆ ಗೌರವ ತಂದಿವೆ. ಆದರೆ ಭೌಗೋಳಿಕ ಸೂಚಿಕೆ ಕಾಯುವುದು ಹೆಸರನ್ನು, ಕೂಲಿಯನ್ನಲ್ಲ. ವಿದ್ಯುತ್ ಮಗ್ಗವು ಸೆರಗಿನ ನೋಟವನ್ನು ಅನುಕರಿಸಬಲ್ಲದು. ಆ ನೋಟವನ್ನಷ್ಟೇ ಎತ್ತಿ ತೋರಿಸುವ ಕಲೆ, ತನಗರಿವಿಲ್ಲದೆಯೇ, ಕೊಂಡಿ ಹಾಕುವ ಕೈಗಳನ್ನು ಅನಗತ್ಯವೆಂದು ಸಾರಿದಂತಾಗುತ್ತದೆ.

ಆದ್ದರಿಂದ ಇಂತಹ ಕಲೆಯನ್ನು ಬೆಲೆಕಟ್ಟುವಾಗ ಅದರ ಅಂದಚೆಂದದ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಕೇಳಬೇಕಾಗಿದೆ: ಚಿತ್ರದಲ್ಲಿ ಯಾವ ಕೆಲಸಕ್ಕೆ ಜಾಗ ದೊರೆತಿದೆ? ಏನನ್ನು ಬಿಡಿಸಬೇಕೆಂದು ತೀರ್ಮಾನಿಸುವಾಗ ಕಂಡಿಕೆ ಸುತ್ತುವವರನ್ನು ಯಾರಾದರೂ ಕೇಳಿದರೇ? ಒಡಲನ್ನೂ ಸೆರಗನ್ನೂ ಕೂಡಿಸುವ ಕೊಂಡಿ ಉಟ್ಟಾಗ ಕಣ್ಣಿಗೆ ಬೀಳುವುದಿಲ್ಲ. ಆದರೆ ಅದಿಲ್ಲದೆ ಇಳಕಲ್ ಸೀರೆಯಿಲ್ಲ.